ಸೋಪು ಹಾಕಿ ಒಗೆದ ನಿಲುವಂಗಿ

ಮಾರ್ಚ್ 11

ಇವತ್ತು ಅಮ್ಮನ ವಾಸನೆಯನ್ನು ಒಗೆದು ಹಾಕಿದೆ.

ನದಿಯಿಂದ ನಾಲ್ಕು ಚೀಲ ಮಂಜುಗಡ್ಡೆ ಒಡೆದು ತಂದು ಒಲೆಯ ಮೇಲೆ ಕರಗಿಸಿದೆ. "ಯಾಕೇ ಇಷ್ಟೊಂದು ಬೆರಣಿ ಸುಡ್ತಿದೀಯ?" ಎಂದು ಅಪ್ಪ ಮಲಗಿದಲ್ಲಿಂದಲೇ ಕೇಳಿದ. ತಲೆಗೆ ನೀರು ಹಾಕ್ಕೋತೀನಿ ಎಂದೆ. ಸುಳ್ಳು. ಒಗೆದದ್ದು ಕುರಿ ರೊಪ್ಪದ ನಿಲುವಂಗಿ.

ಅದು ಅಮ್ಮನದು. ಹತ್ತಿ ತುಂಬಿದ್ದು. ಒಂದು ಕಾಲದಲ್ಲಿ ನೀಲಿ ಇತ್ತಂತೆ. ಹತ್ತೊಂಬತ್ತು ವರ್ಷ ಅವಳು ಅದನ್ನು ಹಾಕಿಕೊಂಡೇ ಹಾಲು ಕರೆದಳು, ಮರಿ ಹಾಕಿಸಿದಳು, ಬೆರಣಿ ಆಯ್ದಳು. ಎರಡು ಚಳಿಗಾಲದಿಂದ ಅದಕ್ಕೆ ಇನ್ನೊಂದು ಕೆಲಸ. ಕತ್ತಲಾಗುವ ಮೊದಲು ರೊಪ್ಪದ ಬಡಗಣ ಗೂಟಕ್ಕೆ ಅದನ್ನು ನೇತು ಹಾಕಬೇಕು. ಬೆವರಿನ ವಾಸನೆ ಗಾಳಿಯಲ್ಲಿ ಹೋಗಬೇಕು. ಇಲ್ಲಿ ಮನುಷ್ಯ ನಿಂತಿದ್ದಾನೆ ಎಂದು ತೋಳಗಳಿಗೆ ಅನ್ನಿಸಬೇಕು. ಕಣಿವೆಯ ಹದಿನೇಳು ಮನೆಯವರೂ ಒಂದೊಂದು ನೇತು ಹಾಕುತ್ತಾರೆ. ಯಾರೂ ಒಗೆಯುವುದಿಲ್ಲ. ಒಗೆಯಬಾರದು.

ಅಕ್ಟೋಬರಿನಲ್ಲಿ ಅಮ್ಮ ಗಣಿ ಪಟ್ಟಣದ ಕಲ್ಲಿದ್ದಲು ಲಾರಿ ಡ್ರೈವರನ ಜೊತೆ ಹೋದಳು. ಹೊಲಿಗೆ ಯಂತ್ರ ತೆಗೆದುಕೊಂಡಳು. ಬೆಳ್ಳಿ ಬಟ್ಟಲು ತೆಗೆದುಕೊಂಡಳು. ಇದನ್ನು ಬಿಟ್ಟು ಹೋದಳು. ಆವತ್ತಿನಿಂದ ದಿನಾ ಸಂಜೆ ನಾನೇ ಇದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಗೂಟದವರೆಗೆ ಹೊತ್ತುಕೊಂಡು ಹೋಗಬೇಕು. ಕಾಲರ್ ಸರಿಯಾಗಿ ನನ್ನ ಮೂಗಿನ ಹತ್ತಿರ ಬರುತ್ತದೆ. ಐದು ತಿಂಗಳು ಹೊತ್ತೆ. ಇವತ್ತು ತಲೆ ಕೆಟ್ಟಿತು.

ಒಂದೂವರೆ ಸೋಪು ಕರಗಿತು. ನೀರು ಕಲ್ಲಿದ್ದಲಿನ ಬಣ್ಣಕ್ಕೆ ತಿರುಗಿತು. ಹೊರಗೆ ತಂದ ಕೂಡಲೇ ನಿಲುವಂಗಿ ಹಲಗೆಯ ಹಾಗೆ ಸೆಟೆದುಕೊಂಡಿತು. ಹಾಗೇ ಎತ್ತಿ ಗೂಟಕ್ಕೆ ಸಿಕ್ಕಿಸಿ ಬಂದೆ. ಅಪ್ಪ ನೋಡಲಿಲ್ಲ. ಡಿಸೆಂಬರಿನಲ್ಲಿ ಕುದುರೆ ಮಂಜಿನ ಮೇಲೆ ಜಾರಿ ಅವನ ಮೇಲೆ ಬಿದ್ದಾಗಿನಿಂದ ತೊಡೆಯೊಳಗೆ ಉಕ್ಕಿನ ಸಲಾಕೆ ಇದೆ. ಗೇರ್, ಅಂದರೆ ನಮ್ಮ ಉಣ್ಣೆ ಡೇರೆ, ಬಿಟ್ಟು ಹತ್ತು ಹೆಜ್ಜೆ ಬರುವುದಿಲ್ಲ.

ಇದು ನನ್ನ ಏಳನೇ ತರಗತಿಯ ಭೂಗೋಳದ ನೋಟುಬುಕ್ಕು. ಏಳನೆಯದನ್ನು ಅರ್ಧಕ್ಕೆ ಬಿಟ್ಟೆ. ಅದಕ್ಕೆ ಪುಟಗಳೂ ಅರ್ಧ ಖಾಲಿ ಇವೆ. ಬೈಯಲು ಯಾರೂ ಸಿಗದಿದ್ದರೆ ಇದರಲ್ಲಿ ಬೈಯುತ್ತೇನೆ.

ಮಾರ್ಚ್ 14

ತೋಳ. ತೋಳ. ತೋಳ. ತೋಳ.

ಅಜ್ಜಿ ಬಾಯಲ್ಲಿ ಆ ಹೆಸರು ಹೇಳಲು ಬಿಡುವುದಿಲ್ಲ. ಬಯಲಿನ ನಾಯಿ ಅನ್ನಬೇಕಂತೆ. ಹೆಸರು ಹಿಡಿದರೆ ಕರೆದ ಹಾಗಂತೆ. ಈಗ ಕರೆಯದೇನೇ ಬಂದು ಹೋಗಿವೆ. ನಾಲ್ಕು ಸಲ ಬರೆದೆ, ಏಕೆಂದರೆ ಅವು ನಾಲ್ಕಿವೆ.

ನೂರ ನಲವತ್ತರಲ್ಲಿ ಮೂವತ್ತೊಂದು. ಇಪ್ಪತ್ತಾರು ಗಬ್ಬದ ಕುರಿಗಳು. ಇನ್ನು ಮೂರು ವಾರಕ್ಕೆ ಮರಿ ಹಾಕುವವು. ತಿಂದದ್ದು ಎರಡನ್ನು ಮಾತ್ರ. ಉಳಿದವನ್ನು ಕತ್ತು ಹರಿದು ಬಿಸಾಡಿವೆ. ಒಂದರ ಮೇಲೆ ಒಂದು ಬಿದ್ದು ಗೋಡೆಗೆ ಒತ್ತಿಕೊಂಡು ಸತ್ತವೂ ಇವೆ. ನಮ್ಮ ನಾಯಿ ಬಾಸರ್ ಮುದುಕ, ಕಿವಿ ಕೇಳುವುದಿಲ್ಲ. ಬೆಳಿಗ್ಗೆ ನಾನು ಅದರ ಬಾಲ ತುಳಿದಾಗಲೇ ಎದ್ದದ್ದು.

ಗೂಟ ಮುರಿದಿತ್ತು. ನಿಲುವಂಗಿ ಕುರಿಗಳ ಕಾಲಡಿ ಸಿಕ್ಕಿ ರಕ್ತ, ಹಿಕ್ಕೆ ಮೆತ್ತಿಕೊಂಡು ಬಿದ್ದಿತ್ತು.

ಈ ಕಣಿವೆಯಲ್ಲಿ ತೋಳವೇ ಇರಲಿಲ್ಲ. ನಾನು ಹುಟ್ಟಿದ ವರ್ಷ ನಮ್ಮ ಗಂಡಸರೇ ಸುತ್ತುಗಟ್ಟಿ ಎಲ್ಲವನ್ನೂ ಹೊಡೆದು ಮುಗಿಸಿದ್ದರು. ಎರಡು ವರ್ಷದ ಹಿಂದೆ ರಾಜಧಾನಿಯ ಓದಿದವರು ನಾಲ್ಕನ್ನು ಪಂಜರದಲ್ಲಿ ತಂದು ಬಿಟ್ಟರು. ಲಾರಿಯಲ್ಲಿ ತಂದರು. ನಾನು ಹದಿಮೂರು ವರ್ಷದವಳಿದ್ದಾಗ ಹಾಸ್ಟೆಲಿನಿಂದ ಮನೆಗೆ ಹಿಮದಲ್ಲಿ ನಡೆದುಕೊಂಡು ಬಂದೆ. ನನಗೆ ಯಾರೂ ಲಾರಿ ಕಳಿಸಲಿಲ್ಲ.

ಮಾರ್ಚ್ 15

ಸುಲಿದೆ. ಹದಿನೆಂಟು ಆಯಿತು, ಕೈ ಬಿದ್ದು ಹೋಗಿದೆ. ಹೊಟ್ಟೆಯೊಳಗಿದ್ದ ಮರಿಗಳ ಬಗ್ಗೆ ಬರೆಯುವುದಿಲ್ಲ.

ನಿಲುವಂಗಿಯನ್ನು ಒಲೆಗೆ ಹಾಕಿ ಸುಟ್ಟೆ. ಅಪ್ಪ ನೋಡುತ್ತಾ ಕೂತಿದ್ದ.

ಮಾರ್ಚ್ 19

ಜನ ಬಂದು ಹೋದರು. ಒಬ್ಬೊಬ್ಬರೂ ಒಂದೊಂದು ಕುರಿ ತಂದು ಬಿಟ್ಟು ಹೋದರು. ಒಳ್ಳೆಯವರು. ಅವರ ಒಳ್ಳೆಯತನ ನೋಡಿದರೆ ಮೈ ಉರಿಯುತ್ತದೆ.

ನದಿಯಾಚೆಯ ಪೂರೆವ್ ಮಾಮ ಮೊದಲು ಬಂದ. ಹೋದ ಶರತ್ಕಾಲದಲ್ಲಿ ಅವನ ಎರಡು ಕುದುರೆ ಮರಿಗಳನ್ನು ಇವೇ ತೋಳಗಳು ಹಿಡಿದಿದ್ದವು. ರೊಪ್ಪದೊಳಗೆ ಒಂದು ಸುತ್ತು ನಡೆದು, ಮುರಿದ ಗೂಟ ಕಾಲಿನಲ್ಲಿ ತಿರುಗಿಸಿ ನೋಡಿ ಒಳಗೆ ಬಂದ.

"ಹತ್ತೊಂಬತ್ತು ವರ್ಷದ ಬೆವರು ಕುಡಿದಿರೋ ನಿಲುವಂಗಿ ಕಣೋ ದಾಮ್ಡಿನ್," ಎಂದ ಅಪ್ಪನಿಗೆ. "ಅದರ ಪಕ್ಕಕ್ಕೇ ಬಂದು ಕೊಂದವೆ ಅಂದ್ರೆ ಇವು ಬಯಲಿನ ನಾಯಿಗಳೇ ಅಲ್ಲ. ಪಂಜರದಲ್ಲಿ ಮನುಷ್ಯರ ಕೈಯಿಂದ ತಿಂದವು. ಮನುಷ್ಯನ ವಾಸನೆ ಬಂದ್ರೆ ಇವಕ್ಕೆ ಊಟ ಬಂತು ಅಂತ."

ಕಣಿವೆಯ ಮುಖ್ಯಸ್ಥೆ ದುಲ್ಮಾ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದಳು. ಅವಳ ಮುಖ ಬಿತ್ತು. ತೋಳ ತರಿಸಲು ಎಲ್ಲರ ಮುಂದೆ ಒಪ್ಪಿಗೆ ಹೇಳಿದ್ದವಳು ಅವಳೇ.

"ಜೂನ್ ಒಂಬತ್ತಕ್ಕೆ ಸಭೆ," ಎಂದಳು. "ಎರಡು ವರ್ಷದ ಮಾತು ಮುಗೀತು. ಇನ್ನೂ ಆರು ತರಿಸೋದಾ, ಇರೋವು ಇರ್ಲಿ ಅನ್ನೋದಾ, ಎಲ್ಲಾನೂ ಹೊಡೆದು ಹಾಕೋದಾ. ಮನೆಗೊಂದು ಕೈ."

"ನಮ್ಮನೆ ಕೈ ನನ್ನ ಮಗಳು ಸೋಲೊಂಗೋದು," ಎಂದು ಅಪ್ಪ ನನ್ನ ಕಡೆ ಗದ್ದ ತೋರಿಸಿದ. "ನನ್ನ ಎರಡು ಕೈಯೂ ಕೋಲಿಗೇ ಬೇಕು."

ಪೂರೆವ್ ಮಾಮ ನಗಲಿಲ್ಲ. "ನೀನು ಎದ್ದು ನಿಂತು ನಿಲುವಂಗಿ ವಿಷಯ ಹೇಳ್ಬೇಕು ಮಗಳೇ. ಮನುಷ್ಯನ ವಾಸನೆಗೂ ಹೆದರಲ್ಲ ಅನ್ನೋದೊಂದು ಗೊತ್ತಾದ್ರೆ ಸಾಕು, ಮಿಕ್ಕಿದ್ದು ಜನಾನೇ ಮಾಡ್ತಾರೆ."

ಹೇಳುತ್ತೇನೆ. ಬಂದೂಕು ಕೊಟ್ಟರೆ ಮಿಕ್ಕಿದ್ದನ್ನೂ ನಾನೇ ಮಾಡುತ್ತೇನೆ.

ಏಪ್ರಿಲ್ 2

ತೋಳದವನು ಬಂದಿದ್ದ. ಬಿಲ್ಗೂನ್ ಅಂತ ಹೆಸರು. ಕನ್ನಡಕ, ಹೊಸ ಬೂಟು, ಕೈಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ. ಹೆಣ್ಣು ತೋಳದ ಕತ್ತಿಗೆ ಪಟ್ಟಿ ಕಟ್ಟಿದ್ದಾರೆ, ಅದು ಎಲ್ಲಿದೆ ಎಂದು ಇವನ ಯಂತ್ರ ಕುಂಯ್‌ಗುಟ್ಟಿ ಹೇಳುತ್ತದೆ. ನಮ್ಮ ಗೇರ್ ಬಾಗಿಲಲ್ಲಿ ನಿಂತು ಬೂಟಿನ ಮಣ್ಣು ಒರೆಸಿದ. ಇಲ್ಲಿ ಯಾರು ಮಣ್ಣು ಒರೆಸುತ್ತಾರೆ?

"ಆವತ್ತಿನ ಬಗ್ಗೆ ಒಂದೆರಡು ವಿಷಯ ಕೇಳಿ ಬರ್ಕೋಬೇಕಿತ್ತು," ಎಂದ.

"ಬರ್ಕೋ. ಬರ್ಕೊಂಡು ಹೋಗಿ ನಿನ್ನ ತೋಳಗಳಿಗೆ ಓದಿ ಹೇಳು. ಕೇಳಿ ಕಣ್ಣೀರು ಹಾಕ್ಲಿ."

"ಸೋಲೊಂಗೋ," ಎಂದಳು ಅಜ್ಜಿ. ಬೈದದ್ದು ಮನೆಗೆ ಬಂದವನಿಗೆ ಹಾಗೆ ಮಾತಾಡಿದ್ದಕ್ಕೋ, ಹೆಸರು ಹಿಡಿದದ್ದಕ್ಕೋ ಗೊತ್ತಾಗಲಿಲ್ಲ. ಅವನಿಗೆ ಉಪ್ಪು ಚಹಾ ಕೊಟ್ಟಳು, ಒಣ ಗಿಣ್ಣು ಮುಂದಿಟ್ಟಳು. ಅವನು ಗಿಣ್ಣನ್ನು ಕಚ್ಚಲು ಹೋಗಿ ಹಲ್ಲು ಹಿಡಿದುಕೊಂಡ. ಅಷ್ಟು ಮಾತ್ರ ಸಮಾಧಾನ.

"ನನಗೆ ಒಂದು ಅರ್ಥ ಆಗ್ತಿಲ್ಲ," ಎಂದ ಆಮೇಲೆ. "ಎರಡು ಚಳಿಗಾಲ, ಹದಿನೇಳು ರೊಪ್ಪ. ನಿಲುವಂಗಿ ನೇತು ಹಾಕಿರೋ ಯಾವ ರೊಪ್ಪಕ್ಕೂ ಅವು ನೂರು ಹೆಜ್ಜೆಗಿಂತ ಹತ್ರ ಬಂದಿಲ್ಲ. ನಿಮ್ಮದಕ್ಕೇ ಯಾಕೆ? ಆವತ್ತು ಏನಾದ್ರೂ ಬೇರೆ ಥರ ಇತ್ತಾ?"

"ಇತ್ತು. ಮೂವತ್ತೊಂದು ಹೆಣ ಇತ್ತು. ಎದ್ದು ನಡಿ."

ಹೋದ. ಆಂಟೆನಾ ಬಾಗಿಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಹೋದ. ಅವನು ಹೋದ ಮೇಲೂ ಆ ಪ್ರಶ್ನೆ ಗೇರ್ ಒಳಗೇ ಕೂತಿತ್ತು. ನಾನು ಹೊರಗೆ ಹೋಗಿ ಬೆರಣಿ ಒಡೆದೆ. ಒಡೆಯಬೇಕಾದದ್ದಕ್ಕಿಂತ ಜಾಸ್ತಿ ಒಡೆದೆ.

ಏಪ್ರಿಲ್ 17

ಕತ್ತಿಗೆ ತೋಳದ ಹಲ್ಲು ಬಿದ್ದೂ ಬದುಕಿದ ಕುರಿ ಒಂದಿತ್ತು. ನಿನ್ನೆ ಮರಿ ಹಾಕಿತು. ಮರಿ ಹತ್ತಿರ ಬಂದರೆ ಒದೆಯುತ್ತದೆ. ಏನು ಹತ್ತಿರ ಬಂದರೂ ಒದೆಯುತ್ತದೆ. ತಲೆ ಒತ್ತಿ ಹಿಡಿದೆ, ಕಾಲು ಕಟ್ಟಿದೆ, ಮರಿಯ ಮೈಗೆ ಉಪ್ಪು ಸವರಿದೆ. ಆಗಲಿಲ್ಲ.

"ಹಾಡ್ಬೇಕು, ಆಗ್ಲೇ ಅದು ಮರೀನ ಸೇರಿಸ್ಕೊಳ್ಳೋದು," ಎಂದಳು ಅಜ್ಜಿ.

"ನೀನು ಹಾಡು."

"ನನ್ನ ಗಂಟಲು ಹೋಯ್ತು ಕಣೇ. ಹಾಡು ಅಂದ್ರೆ ಏನು ದೊಡ್ಡ ಹಾಡಾ? ತೊಯ್ಗ್ ತೊಯ್ಗ್ ಅನ್ನು ಸಾಕು."

ಎಲ್ಲ ಮನೆಯಲ್ಲೂ ಅದೇ ಪದ, ರಾಗ ಮಾತ್ರ ಒಬ್ಬೊಬ್ಬರದು ಒಂದೊಂದು. ನನಗೆ ಗೊತ್ತಿರುವುದು ಅಮ್ಮನ ರಾಗ. ಬೇರೆ ರಾಗ ಕಟ್ಟಲು ನೋಡಿದೆ. ರೇಡಿಯೋದ ಹಾಡಿನಲ್ಲಿ ಹೇಳಿದೆ. ಕುರಿ ನನ್ನನ್ನೇ ಒದೆಯಿತು. ಕೊನೆಗೆ ಯಾರೂ ಇಲ್ಲ ಎಂದು ನೋಡಿಕೊಂಡು ಅಮ್ಮನ ರಾಗದಲ್ಲೇ ಹೇಳಿದೆ. ಒಂದು ಗಂಟೆ. ಮಂಡಿ ಸೆಟೆದು ಹೋಯಿತು. ಕುರಿಯ ಕಣ್ಣಿನಿಂದ ನೀರು ಬಂತು. ಕುರಿಗಳಿಗೆ ಬರುತ್ತದೆ, ಅದರಲ್ಲಿ ವಿಶೇಷವೇನೂ ಇಲ್ಲ.

ಮರಿ ಕುಡಿಯಿತು. ಹೊರಗೆ ಬಂದರೆ ಅಪ್ಪ ಕೋಲು ಊರಿಕೊಂಡು ರೊಪ್ಪದ ಗೋಡೆಗೆ ಒರಗಿ ನಿಂತಿದ್ದ. ಹತ್ತು ಹೆಜ್ಜೆ ಬಾರದವನು ಎಂಬತ್ತು ಹೆಜ್ಜೆ ಬಂದಿದ್ದ.

"ಕಾಲು ಹೆಂಗಿದೆ?" ಎಂದೆ.

"ನೋಯುತ್ತೆ," ಎಂದ.

ಮೇ 8

ಬಿಲ್ಗೂನ್ ಮೊನ್ನೆ ಮತ್ತೆ ಚಹಾಕ್ಕೆ ಬಂದು ಯಂತ್ರವನ್ನು ನಮ್ಮ ಹಾಸಿಗೆಯ ಮೇಲೇ ಇಟ್ಟಿದ್ದ. ನೋಡಿದೆ. ಹೆಣ್ಣು ತೋಳದ ಚುಕ್ಕೆ ಮೂರು ವಾರದಿಂದ ಕೆಂಪು ಬಂಡೆಗಳ ಹತ್ತಿರವೇ ಸುತ್ತುತ್ತಿದೆ. ಪೂರೆವ್ ಮಾಮನಿಗೆ ಹೇಳಿದೆ.

"ಮರಿ ಹಾಕಿದೆ," ಎಂದ. "ಹಿಂದೆ ಎಲ್ಲಾ ತೆಗೆದು ಒಂದನ್ನ ಬಿಟ್ಟು ಬರ್ತಿದ್ವಿ. ಒಂದನ್ನಾದ್ರೂ ಬಿಡ್ದಿದ್ರೆ ತಾಯಿ ಹುಡುಕ್ಕೊಂಡು ಮನೆ ಬಾಗ್ಲಿಗೇ ಬರುತ್ತೆ."

"ಬರ್ಲಿ. ನಾನು ಒಂದನ್ನೂ ಬಿಡಲ್ಲ."

ಇವತ್ತು ಬೆಳಿಗ್ಗೆ ಚೀಲ, ಸಲಿಕೆ ಕಟ್ಟಿಕೊಂಡು ಬೈಕಿನಲ್ಲಿ ಹೋದೆ. ಬೈಕು ಕೆಳಗೆ ಬಿಟ್ಟು ಹತ್ತಿದೆ. ಬಿಸಿಲು. ಬೆನ್ನೆಲ್ಲ ಬೆವರು. ಬಿಲದ ಬಾಯಿ ಹುಡುಕುವುದು ಕಷ್ಟವಾಗಲಿಲ್ಲ, ಮುಂದೆ ಮೂಳೆಗಳು ಹರಡಿದ್ದವು. ಒಂದು ಕುರಿ ಕಿವಿ ಬಿದ್ದಿತ್ತು, ಒಣಗಿದ್ದು, ಎರಡು ಕಚ್ಚು ಹಾಕಿದ್ದು. ನಮ್ಮ ಗುರುತು. ಕಚ್ಚು ಹಾಕಿದವಳು ನಾನೇ. ಎಷ್ಟು ದೂರದವರೆಗೆ ಹೊತ್ತು ತಂದಿದೆ ದರಿದ್ರ.

ತಾಯಿ ಇರಲಿಲ್ಲ. ಒಳಗಿನಿಂದ ಕೆಟಲಿನಲ್ಲಿ ನೀರು ಕಾಯುವ ಮೊದಲು ಬರುವಂಥ ಸದ್ದು. ಸೊಂಟದವರೆಗೆ ತೂರಿಕೊಂಡು ಕೈ ಚಾಚಿದೆ. ಬೆಚ್ಚಗೆ, ಉಣ್ಣೆಯ ಗುಡ್ಡೆಯ ಹಾಗೆ ಸಿಕ್ಕಿತು. ಐದಿರಬೇಕು. ಒಂದು ನನ್ನ ಬೆರಳು ಹಿಡಿದು ಚೀಪಿತು. ಹಲ್ಲು ಬಂದಿದೆ ಅದಕ್ಕೆ. ನೋವಾಯಿತು.

ಹೊರಗೆ ಬಂದು ಅಲ್ಲೇ ಕೂತೆ. ಒಂದು ಗಂಟೆ ಕೂತಿರಬೇಕು.

ಚೀಲದ ತಳ ಹರಿದಿತ್ತು. ಅದಕ್ಕೆ ವಾಪಸು ಬಂದೆ. ಮುಂದಿನ ವಾರ ಬೇರೆ ಚೀಲ ತೆಗೆದುಕೊಂಡು ಹೋಗುತ್ತೇನೆ.

ಮೇ 11

ಬಿಲ್ಗೂನ್ ಓಡೋಡಿ ಬಂದ. ಕನ್ನಡಕಕ್ಕೆ ಧೂಳು ಮೆತ್ತಿತ್ತು. ಕೂರಲೂ ಇಲ್ಲ.

"ಯಾರೋ ಬಿಲಕ್ಕೆ ಹೋಗಿದ್ದಾರೆ."

"ನಿಂಗೆ ಹೆಂಗೆ ಗೊತ್ತು?" ಎಂದೆ.

"ಎಂಟನೇ ತಾರೀಕು ಸಂಜೆ ಹೆಣ್ಣು ಬಂದು ನೋಡಿದೆ. ಆವತ್ತೇ ಮರಿಗಳನ್ನ ಒಂದೊಂದಾಗಿ ಬಾಯಲ್ಲಿ ಕಚ್ಕೊಂಡು ಆರು ಕಿಲೋಮೀಟರ್ ಆಚೆ ಸಾಗಿಸಿದೆ. ಐದು ಮರಿ. ಹೋಗಿ ಬಂದು, ಹೋಗಿ ಬಂದು, ಬೆಳಗಾಗೋವಷ್ಟರಲ್ಲಿ ಐವತ್ತು ಕಿಲೋಮೀಟರಿಗಿಂತ ಜಾಸ್ತಿ ನಡೆದಿದೆ. ಮನುಷ್ಯರ ವಾಸನೆ ಬಿದ್ದ ಜಾಗದಲ್ಲಿ ಅದು ಒಂದು ದಿನಾನೂ ನಿಲ್ಲಲ್ಲ."

"ಯಾರೋ ಕುರಿ ಹುಡುಕ್ಕೊಂಡು ಹೋಗಿರ್ಬೇಕು," ಎಂದೆ. ಅವನು ನನ್ನ ಬೆರಳು ನೋಡಿದ. ಬಟ್ಟೆ ಸುತ್ತಿದ್ದೆ.

ಬರೆದುಬಿಡುತ್ತೇನೆ. ಒಂದು ಗಂಟೆ ಕೂತಿದ್ದ ನನ್ನ ಬೆವರಿಗೆ ಹೆದರಿ ಐದು ಮರಿ ಹೊತ್ತುಕೊಂಡು ಐವತ್ತು ಕಿಲೋಮೀಟರ್ ನಡೆದದ್ದು, ಹತ್ತೊಂಬತ್ತು ವರ್ಷದ ಬೆವರಿಗೆ ಹೆದರುತ್ತಿರಲಿಲ್ಲವೇ? ಹೆದರುತ್ತಿತ್ತು. ಗೂಟದ ಮೇಲೆ ಬೆವರಿರಲಿಲ್ಲ. ಸೋಪಿತ್ತು. ಹನ್ನೊಂದನೇ ತಾರೀಕು ಒಗೆದೆ. ಹದಿಮೂರರ ರಾತ್ರಿ ಬಂದವು. ಈ ಪುಸ್ತಕದಲ್ಲೇ ಇದೆ, ನನ್ನದೇ ಅಕ್ಷರ. ಅವು ಬಂದದ್ದು ಬಾಗಿಲು ತೆರೆದಿದ್ದ ಮನೆಗೆ.

ಆ ಪುಟ ಹರಿದು ಹಾಕಲು ಹೋದೆ. ಅದರ ಹಿಂದೆ ಆಫ್ರಿಕಾದ ನಕ್ಷೆ ಇದೆ. ನಾನೇ ಬಿಡಿಸಿದ್ದು. ಚೆನ್ನಾಗಿದೆ. ಹರಿಯಲಿಲ್ಲ.

ಮೇ 12

ಹೇಳುವುದಿಲ್ಲ. ಯಾಕೆ ಹೇಳಬೇಕು?

ಮೇ 14

ಕೊಂದವು ಅವೇ ತಾನೇ. ನಾನು ಕತ್ತು ಹರಿಯಲಿಲ್ಲವಲ್ಲ.

ಮೇ 27

ಬೇಸಿಗೆಯ ಮೇವಿನ ಜಾಗಕ್ಕೆ ಬಂದಿದ್ದೇವೆ. ಗೇರ್ ಕಟ್ಟಿ, ಒಲೆ ಹೂಡಿ, ಫೋನ್ ಸಿಗ್ನಲ್ ಸಿಗುವ ದಿಬ್ಬ ಹತ್ತಿದೆ. ಅಮ್ಮನ ಫೋನ್ ಬಂತು. ಹೊಸ ನಂಬರು, ಗೊತ್ತಾಗದೆ ಎತ್ತಿಬಿಟ್ಟೆ.

"ಮೂವತ್ತೊಂದು ಹೋಯ್ತಂತೆ," ಎಂದಳು.

"ಹೋಯ್ತು."

"ಅಪ್ಪನ ಕಾಲು?"

"ನಿಂಗ್ಯಾಕೆ?"

ಹಿಂದುಗಡೆ ಲಾರಿ ಹಾರ್ನ್. "ನನ್ನ ನಿಲುವಂಗಿ ಅದಕ್ಕೇ ಬಿಟ್ಟು ಬಂದೆ ಕಣೇ," ಎಂದಳು. "ತಗೊಂಡ್ಹೋಗೋಣ ಅಂತ ಮಡಚಿ ಇಟ್ಕೊಂಡಿದ್ದೆ. ಆಮೇಲೆ ರೊಪ್ಪಕ್ಕೆ ಬೇಕಲ್ಲ ಅಂತ ಬಿಟ್ಟೆ. ನೇತು ಹಾಕಿದ್ರಿ ತಾನೇ?"

"ಹಾಕಿದ್ವಿ," ಎಂದು ಕಟ್ ಮಾಡಿದೆ.

ದಿಬ್ಬದ ಮೇಲೆ ಸಿಕ್ಕ ಕಲ್ಲನ್ನೆಲ್ಲ ಕೆಳಗೆ ಎಸೆದೆ. ಕೈ ಸೋಲುವವರೆಗೆ ಎಸೆದೆ.

ಜೂನ್ 8

ನಾಳೆ ಸಭೆ. ಪೂರೆವ್ ಮಾಮ ಕುದುರೆ ಹಾಲಿನ ಡಬ್ಬಿ ಹಿಡಿದುಕೊಂಡು ಬಂದು ಪಾಠ ಹೇಳಿಕೊಟ್ಟ.

"ಉದ್ದ ಬೇಡ. ನಿಲುವಂಗಿ ಇತ್ತು. ಬಂದವು. ಮೂವತ್ತೊಂದು. ಮೂರು ಮಾತು ಹೇಳಿ ಕೂತ್ಕೋ. ಹದಿಮೂರು ಮನೆ ನಮ್ಮ ಕಡೆ ಇವೆ. ಬೇಟೆಯವರಿಗೆ ಹೇಳಿ ಆಗಿದೆ, ನಾಡಿದ್ದು ಬೆಳಿಗ್ಗೆ ಬಂದೂಕು ತಗೊಂಡು ಬರ್ತಾರೆ."

"ಮರಿಗಳು?"

"ಹೊಸ ಬಿಲ ಎಲ್ಲಿದೆ ಅಂತ ಗೊತ್ತಾಗಿದೆ. ಎಲ್ಲಾ ಸೇರಿ ಒಂಬತ್ತು." ಡಬ್ಬಿಯಿಂದ ಹಾಲು ಬಗ್ಗಿಸಿ ನನ್ನ ಮುಂದಿಟ್ಟ. "ಯಾಕೇ ಮುಖ ಹಂಗ್ಮಾಡ್ತೀಯ? ಹೋದ ತಿಂಗಳು ಒಂದನ್ನೂ ಬಿಡಲ್ಲ ಅಂದೋಳು ನೀನು."

"ಹಾಲು ಹುಳಿ ಆಗಿದೆ, ಅದಕ್ಕೆ," ಎಂದೆ.

"ಹುಳಿ ಆಗ್ಲಿ ಅಂತಾನೇ ಮಾರಾಯ್ತಿ ಅದನ್ನ ಕಡಿಯೋದು."

ಅವನು ಹೋದ ಮೇಲೆ ಅಪ್ಪನ ಮುಂದೆ ಹೇಳಿ ನೋಡಿದೆ. ನಿಲುವಂಗಿ ಇತ್ತು, ಬಂದವು, ಮೂವತ್ತೊಂದು. ಅಪ್ಪ ಜೀನಿನ ಪಟ್ಟಿ ಹೊಲಿಯುತ್ತಾ ತಲೆ ಎತ್ತಲಿಲ್ಲ. "ಸರಿ ಇದೆ," ಎಂದ. ಮೂರು ಮಾತಿನಲ್ಲಿ ಒಂದೂ ಸುಳ್ಳಿಲ್ಲ.

ಜೂನ್ 9

ದುಲ್ಮಾಳ ದೊಡ್ಡ ಗೇರ್‌ನಲ್ಲಿ ಸಭೆ. ಹದಿನೇಳು ಮನೆಯವರೂ ಬಂದಿದ್ದರು. ಅಪ್ಪನನ್ನು ನಾನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದೆ. ಬಿಲ್ಗೂನನನ್ನು ಬಾಗಿಲ ಹತ್ತಿರ ಕೂರಿಸಿದ್ದರು, ಬೆರಣಿ ಬುಟ್ಟಿಯ ಪಕ್ಕ.

ದುಲ್ಮಾ ಮೊದಲು ಮಾತಾಡಿದಳು. "ಇವು ಬರೋಕೆ ಮುಂಚೆ ಗಣಿ ಪಟ್ಟಣದವರು ಬಿಟ್ಟು ಹೋದ ನಾಯಿಗಳು ಹಿಂಡು ಕಟ್ಕೊಂಡು ಹಾಡಹಗಲಲ್ಲೇ ಕುರಿ ಹರೀತಿದ್ವು. ಹೊಡೆದ್ರೆ ಹೆದರ್ತಿರ್ಲಿಲ್ಲ, ಕೂಗಿದ್ರೆ ಹೆದರ್ತಿರ್ಲಿಲ್ಲ. ಎರಡು ವರ್ಷದಿಂದ ಅಂಥ ಒಂದು ನಾಯೀನ ಯಾರಾದ್ರೂ ನೋಡಿದೀರಾ? ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ."

"ಮನೆಗೆ ಕಳ್ಳ ಬಂದ ಅಂತ ದರೋಡೆಕೋರನ್ನ ಕಾವಲಿಗೆ ಇಟ್ಕೋತಾರಾ ದುಲ್ಮಾ?" ಎಂದ ಪೂರೆವ್ ಮಾಮ. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ನೋಡಿದ. "ಹೇಳು ಮಗಳೇ."

ಎದ್ದೆ. "ನಿಲುವಂಗಿ ಇತ್ತು," ಎಂದೆ. "ಬಂದವು. ಮೂವತ್ತೊಂದು."

ಅಷ್ಟಕ್ಕೆ ಕೂರಬೇಕಿತ್ತು. ಜನ ಆಗಲೇ ತಲೆ ಆಡಿಸುತ್ತಿದ್ದರು. ಕಾಲು ಮಡಚಲಿಲ್ಲ. ನನ್ನ ಕಾಲಿನ ಮೇಲೆ ನನಗೇ ಕೋಪ ಬಂತು.

"ಅದನ್ನ ಎರಡು ದಿನದ ಹಿಂದೆ ಒಗೆದಿದ್ದೆ," ಎಂದೆ.

ಹಿಂದುಗಡೆ ಕಿವಿ ಮಂದವಾದ ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿದಳು. "ಏನಂದ್ಲು?"

"ಒಗೆದ್ಲಂತೆ."

"ಏನನ್ನ?"

"ರೊಪ್ಪದ ನಿಲುವಂಗೀನ."

"ಅಯ್ಯೋ. ಯಾಕಂತೆ?"

"ಅಮ್ಮನ ವಾಸನೆ ಬರ್ತಿತ್ತು, ಅದಕ್ಕೆ," ಎಂದೆ ಜೋರಾಗಿ, ಅವಳಿಗೂ ಕೇಳಿಸಲಿ ಎಂದು. "ಸೋಪು ಹಾಕಿ ತಿಕ್ಕಿದೆ. ಏನೂ ಉಳಿಸ್ಲಿಲ್ಲ. ಅವು ಮನುಷ್ಯರ ವಾಸನೆಗೆ ಹೆದರ್ತವೆ. ಮೇ ತಿಂಗಳಲ್ಲಿ ಬಿಲಕ್ಕೆ ಹೋದೋಳು ನಾನೇ, ಆವತ್ತೇ ಮರಿ ಹೊತ್ಕೊಂಡು ಓಡಿ ಹೋಯ್ತು. ಅವು ನಿಲುವಂಗಿ ದಾಟಿ ಬರ್ಲಿಲ್ಲ. ಅಲ್ಲಿ ಯಾರೂ ಇರ್ಲಿಲ್ಲ, ಅದಕ್ಕೆ ಬಂದವು. ಅವುಗಳ ಮೇಲೆ ನನಗೇನೂ ಪ್ರೀತಿ ಇಲ್ಲ. ಈಗ್ಲೂ ಸಿಕ್ಕಿದ್ರೆ ಒದೀತೀನಿ. ಆದ್ರೆ ನೀವು ಹೇಳ್ತಿರೋ ಕಾರಣಕ್ಕೆ ಹೊಡೆಯೋದಾದ್ರೆ ಅದು ಸುಳ್ಳು ಕಾರಣ."

ಕುರಿ ತಂದು ಬಿಟ್ಟಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಪ್ಪನ ಕಡೆ ನಾನು ತಿರುಗಲಿಲ್ಲ.

ದುಲ್ಮಾ ಕೈ ಎಣಿಸಿದಳು. ಇನ್ನೂ ಆರು ತರಿಸುವುದಕ್ಕೆ ಒಂದು ಕೈಯೂ ಏಳಲಿಲ್ಲ, ಅವಳದೂ ಸೇರಿ. ಹೊಡೆದು ಹಾಕಲು ಏಳು. ಇರುವವು ಇರಲಿ ಎನ್ನಲು ಹತ್ತು. ಆ ಹತ್ತರಲ್ಲಿ ಒಂದು ನನ್ನದು. ಸಿಟ್ಟಿನಲ್ಲೇ ಎತ್ತಿದೆ.

ಹೊರಗೆ ಪೂರೆವ್ ಮಾಮ ಕುದುರೆ ಬಿಚ್ಚುತ್ತಿದ್ದ.

"ನಿನ್ನ ಸೋಪಿನ ಕಥೆ ಸರಿ," ಎಂದ. "ನನ್ನ ಕುದುರೆ ಮರಿಗಳಿಗೆ ಯಾರು ಸೋಪು ಹಾಕಿದ್ರು? ಬಯಲಲ್ಲಿ ಮೇಯೋ ಕುದುರೆಗೆ ನಾನೆಲ್ಲಿ ನಿಲುವಂಗಿ ನೇತು ಹಾಕ್ಲಿ?"

ಕುದುರೆ ಹತ್ತಿ ಕೂತ.

"ಮುಂದಿನ ಸಲ ಮರಿ ಹೋದ್ರೆ ಹೆಣ ತಂದು ನಿಮ್ಮ ಬಾಗ್ಲಲ್ಲೇ ಹಾಕ್ತೀನಿ," ಎಂದು ಹೋದ.

ಜೂನ್ 10

ನಿನ್ನೆ ಮನೆಗೆ ಬರುವವರೆಗೂ, ರಾತ್ರಿ ಮಲಗುವವರೆಗೂ ಅಪ್ಪ ಒಂದು ಮಾತೂ ಆಡಲಿಲ್ಲ. ಇವತ್ತು ಹಾಲು ಕಾಯಿಸುವಾಗ ನಾನೇ ಶುರು ಮಾಡಿದೆ.

"ಬೈಯೋದಿದ್ರೆ ಬೈದುಬಿಡು. ಸುಮ್ನೆ ಕೂತ್ಕೊಂಡು ಸಾಯಿಸ್ಬೇಡ."

"ಏನಂತ ಬೈಲಿ? ನಂಗೆ ಆವತ್ತೇ ಗೊತ್ತಿತ್ತು."

ಸೌಟು ಕೈಯಲ್ಲೇ ನಿಂತಿತು.

"ಒಂದೂವರೆ ಸೋಪು ಹಾಕಿದ್ದೀಯ. ಗೇರೆಲ್ಲಾ ಸೋಪು ವಾಸನೆ. ನಿನ್ನ ತಲೆ ನೋಡಿದ್ರೆ ಎಣ್ಣೆ ಜಿಡ್ಡು ಹಂಗೇ ಇತ್ತು." ಅಪ್ಪ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ. "ಜನವರೀಲಿ ನಾನೂ ಒಂದ್ಸಲ ನೀರು ಕಾಯಿಸಿದ್ದೆ, ಒಗೆಯೋಣ ಅಂತ. ನಿಂತ್ಕೊಳ್ಳೋಕೆ ಆಗ್ಲಿಲ್ಲ. ಕಾಲು ಸರಿ ಇದ್ದಿದ್ರೆ ನಾನೇ ಒಗೆದಿರ್ತಿದ್ದೆ."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ? ತೆಗೆದು ಬೇರೆ ಏನಾದ್ರೂ ಹಾಕು ಅಂತ ಯಾಕೆ ಹೇಳ್ಲಿಲ್ಲ?"

"ಒಂದೆರಡು ದಿನಕ್ಕೇನಾಗುತ್ತೆ ಅಂದ್ಕೊಂಡೆ."

"ಆಮೇಲೆ? ಮೂರು ತಿಂಗಳು?"

"ಆಮೇಲೆ ಹೇಳಿದ್ರೆ ಮೂವತ್ತೊಂದೂ ನಿನ್ನ ತಲೆ ಮೇಲೆ ಬೀಳ್ತಿತ್ತು. ಬಯಲಿನ ನಾಯಿ ತಲೆ ಗಟ್ಟಿ. ಅದು ಹೊತ್ಕೊಳ್ಳುತ್ತೆ ಅಂದ್ಕೊಂಡೆ."

ಕಿರುಚಿದೆ. ಏನು ಕಿರುಚಿದೆ ಎಂದು ನೆನಪಿಲ್ಲ. ಅಜ್ಜಿ ಎದ್ದು ಹೊರಗೆ ಹೋಗಿ ಕುರಿಗಳ ಹತ್ತಿರ ನಿಂತಳು. ಅಪ್ಪನೂ ಕಿರುಚಿದ. ಅಕ್ಟೋಬರಿನಿಂದ ಈ ಮನೆಯಲ್ಲಿ ಯಾರೂ ಕಿರುಚಿರಲಿಲ್ಲ. ಹಾಲು ಉಕ್ಕಿ ಒಲೆ ಆರಿತು. ಇಬ್ಬರೂ ಸೇರಿ ಒರೆಸಿದೆವು.

ಮಧ್ಯಾಹ್ನ ಅಪ್ಪ ತನ್ನ ಹಳೆಯ ಅಂಗಿಗೆ ಗುಂಡಿ ಹೊಲಿದುಕೊಂಡು ಹಾಕಿಕೊಂಡ. ಚಳಿಗಾಲದಲ್ಲಿ ಗೂಟಕ್ಕೆ ನೇತು ಹಾಕುವವರೆಗೂ ಇದನ್ನು ಬಿಚ್ಚುವುದಿಲ್ಲವಂತೆ. ಈಗಲೇ ನಾರುತ್ತಿದೆ.

ಜುಲೈ 3

ಹಗಲು ಹನ್ನೊಂದು ಗಂಟೆ. ನಾನು ಎಚ್ಚರವಾಗಿದ್ದೆ, ಕುದುರೆಯ ಮೇಲಿದ್ದೆ, ಕುರಿಗಳಿಂದ ನೂರು ಹೆಜ್ಜೆ ದೂರವೂ ಇರಲಿಲ್ಲ. ನಾಲ್ಕು ದಿನದಿಂದ ಮೈಗೆ ನೀರು ಹಾಕಿಲ್ಲ, ನನ್ನ ವಾಸನೆ ನನಗೇ ಬರುತ್ತಿತ್ತು. ಆದರೂ ಹಳ್ಳದ ತಗ್ಗಿನಿಂದ ತೋಳ ಎದ್ದು ಬಂದು, ಅಂಚಿನಲ್ಲಿದ್ದ ಮೂರು ವರ್ಷದ ಟಗರನ್ನು ಕೆಡವಿತು. ಕತ್ತಿನಲ್ಲಿ ಪಟ್ಟಿ ಇತ್ತು. ಅದೇ ಹೆಣ್ಣು. ಬೇಸಿಗೆ ಬಂದು ಸೊರಗಿ ಹೋಗಿದೆ, ಮೊಲೆ ಜೋತು ಬಿದ್ದಿವೆ.

ಕುದುರೆ ಓಡಿಸಿದೆ. ಬಿಟ್ಟು ಹೋಯಿತು. ದಿಬ್ಬದ ಮೇಲೆ ನಿಂತಿತು. ನಾನು ಬೈದೆ. ಅದರ ಅಮ್ಮನಿಗೆ, ಅದರ ಮರಿಗಳಿಗೆ, ಅದನ್ನು ತಂದ ಲಾರಿಗೆ, ಲಾರಿಯ ಚಕ್ರಕ್ಕೆ ಬೈದೆ. ಗಂಟಲು ಕಟ್ಟುವವರೆಗೆ ಬೈದೆ.

ನದಿಯಾಚೆಯಿಂದ ಪೂರೆವ್ ಮಾಮ ಕುದುರೆ ದೌಡಾಯಿಸಿಕೊಂಡು ಬಂದ. ಜೂನ್ ಒಂಬತ್ತರ ನಂತರ ನನ್ನ ಮುಖ ನೋಡಿರಲಿಲ್ಲ.

"ಯಾರೋ ಸತ್ರು ಅಂದ್ಕೊಂಡೆ," ಎಂದ. ಟಗರನ್ನು ನೋಡಿದ. ದಿಬ್ಬ ನೋಡಿದ. ನನ್ನನ್ನು ನೋಡಿದ. "ಇವತ್ತು ಏನು ಒಗೆದಿದ್ದೆ?"

"ಏನೂ ಇಲ್ಲ."

"ನಿದ್ದೆ ಹೊಡೀತಿದ್ಯಾ?"

"ಇಲ್ಲ. ಇಲ್ಲೇ ಇದ್ದೆ."

"ಹಂಗಾದ್ರೆ ತಪ್ಪು ಯಾರದು?"

"ಅದರದು."

"ಪೂರ್ತಿ?"

"ಪೂರ್ತಿ ಅದರದೇ."

ಅವನು ಕುದುರೆಯಿಂದ ಇಳಿದು ಚಾಕು ತೆಗೆದ. ಇಬ್ಬರೂ ಕೂತು ಸುಲಿದೆವು. ಸುಲಿಯುತ್ತಾ ಬೈದೆವು. ಪೂರೆವ್ ಮಾಮನಿಗೆ ನನಗಿಂತ ಚೆನ್ನಾಗಿ ಬೈಯಲು ಬರುತ್ತದೆ, ನಾಲ್ಕು ಹೊಸದು ಕಲಿತೆ. ಒಂದಕ್ಕೆ ನಗು ಬಂದು ಚಾಕು ಜಾರಿ ತೊಗಲು ಸೀಳಿತು. ಅದಕ್ಕೂ ಬೈಸಿಕೊಂಡೆ.

ಕರುಳು, ತಲೆ ಅಲ್ಲೇ ಬಿಟ್ಟು ಬಂದೆವು. ಹೊತ್ತು ತರುವುದು ಭಾರವಾಗಿತ್ತು.

ಸಂಜೆ ಮಾಂಸದ ಸಾರು. ಮೂರು ಬಟ್ಟಲು ಕುಡಿದೆ. "ಸಾಕಾಯ್ತೇನೇ?" ಎಂದ ಅಪ್ಪ. ಇನ್ನೂ ಹಾಕು ಎಂದೆ.